ಕೂಡಿಸದೆ ಇಟ್ಟ ಕಟ್ಟಿಗೆ

ಖಾನಾಪುರ
೧೮ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ಪೂರ್ಣಿಮಕ್ಕಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದಾರಂತೆ. ನೀನು ಸುಮ್ಮನೆ ಮಲಗುವವಳಲ್ಲ, ಪಾಪ, ಕಾಯುವ ಅವ್ವನ ಪಾಡು ಕೇಳಬಾರದು. ಬೆಳಗಾವಿಯ ನೆಹರು ನಗರದಲ್ಲಿ ಆಸ್ಪತ್ರೆ ಹತ್ತಿರವಿದೆ ಎಂಬುದೊಂದು ಧೈರ್ಯ. ನಿನಗೆ ಫೋನು ಮಾಡಿದರೆ ಅವ್ವನೇ ಎತ್ತುತ್ತಾಳೆ, ಅದಕ್ಕೇ ಈ ಪತ್ರ.

ಶಾಲೆ ಬಿಟ್ಟ ಮೇಲೆ ಗ್ಯಾರೇಜು, ಬೇಕರಿ ಯಾವುದೂ ನನಗೆ ಹಿಡಿಸಲಿಲ್ಲವಲ್ಲ. ಈಗ ಬಡಿಗ ಮಾಯಪ್ಪ ಕಾಕಾನ ಹತ್ತಿರ ಇದ್ದೇನೆ, ಇನ್ನೂ ಓಡಿಹೋಗಿಲ್ಲ. ಮೊಳೆ, ಅಂಟು ಇಲ್ಲದೆ ಕಟ್ಟಿಗೆಗೆ ಕಟ್ಟಿಗೆ ಕೂಡಿಸುವುದನ್ನು ಕಲಿಸುತ್ತಿದ್ದಾರೆ. ಒಂದರ ತುದಿಯನ್ನು ನಾಲಿಗೆಯ ಹಾಗೆ ಕೊಯ್ಯಬೇಕು, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತೂತು ಕೊರೆಯಬೇಕು. ಮೊದಲ ಸಲ ಗರಗಸವನ್ನು ಗುರುತಿನ ಗೆರೆಯ ಮೇಲೇ ಓಡಿಸಿಬಿಟ್ಟೆ. ಚಿಕ್ಕಂದಿನಲ್ಲಿ ಅಪ್ಪನ ಚಪ್ಪಲಿ ಮೆಟ್ಟಿ ನಡೆಯುತ್ತಿದ್ದೆನಲ್ಲ, ನಾಲಿಗೆ ತೂತಿನೊಳಗೆ ಹಾಗೆ ಸಡಿಲಾಗಿ ಆಡಿತು. ಸಂದಿಗೆ ಮರದ ಹೊಟ್ಟು ತುಂಬಲು ಹೋದರೆ ಕಾಕಾ ಕೈ ಹಿಡಿದರು. "ಸಾಲಿ ಬಿಟ್ಟಿ, ಇರ್ಲಿ. ಗೆರಿ ನುಂಗಬ್ಯಾಡಲೇ ತಮ್ಮಾ. ಗೆರಿ ಉಳೀಬೇಕು, ಅದರ ಬಾಜೂಕ ಕೊಯ್ಯಿ."

ಎಷ್ಟು ತುಂಡು ಕೆಡಿಸಿದೆ ಎಂದು ಕೇಳಬೇಡ. ಮೊನ್ನೆ ಉಳಿಯಿಂದ ಕೂದಲೆಳೆಯಷ್ಟು ಕೆರೆದು, ಅಂಗೈಯಿಂದ ಒತ್ತಿದೆ. ಒಳಗಿನ ಗಾಳಿ ಉಸ್ಸೆಂದು ಹೊರಬಿದ್ದು ನಾಲಿಗೆ ಕುಳಿತಿತು. ತಲೆಕೆಳಗು ಹಿಡಿದು ಜಾಡಿಸಿದರೂ ಬೀಳಲಿಲ್ಲ. ಯಾರೂ ಮಾರ್ಕ್ಸು ಕೊಡಬೇಕಾಗಿರಲಿಲ್ಲ ಅಕ್ಕಾ, ಸರಿಯಾಗಿದೆ ಎಂದು ಕಟ್ಟಿಗೆಯೇ ಹೇಳಿತು. ಕಾಕಾ ತಿರುಗಿಸಿ ನೋಡಿ, "ಹೋಗು, ಎರಡು ಚಾ ಹೇಳು" ಎಂದರು, ಅಷ್ಟೇ. ಇಷ್ಟು ದಿನ ತಮಗೊಂದೇ ಹೇಳಿಸುತ್ತಿದ್ದರು.

ಅವ್ವನಿಗೆ ನನ್ನ ಶರಣು. ಅವಳ ಅಡಿಗೆಗೆ ಹೆಸರಿಡದೆ ಹೊಟ್ಟೆ ತುಂಬ ಉಣ್ಣು.

ನಿನ್ನ ತಮ್ಮ,
ಗೌರೀಶ

ತಾ.ಕ.: ನಿನ್ನ ಮುಂದೆ ಮುಚ್ಚಿಡಲು ನನಗೆ ಆಗುವುದಿಲ್ಲ. ಅಜ್ಜನ ಮುರಿದ ಮಂಚದ ಸಾಗವಾನಿಯಲ್ಲಿ ನಾನು ಕೊರೆಯುತ್ತಿರುವುದು ತೊಟ್ಟಿಲು. ಹೋದ ವರ್ಷ ತೊಟ್ಟಿಲನ್ನು ಮೊದಲೇ ತಂದದ್ದಕ್ಕೇ ಕೂಸು ಉಳಿಯಲಿಲ್ಲವೆಂದು ಅವ್ವ ಇಂದಿಗೂ ಅಳುತ್ತಾಳೆ. "ಈ ಸಲ ಕೂಸು ಬರೂತನಾ ಮನ್ಯಾಗ ತೊಟ್ಟಿಲ ಬ್ಯಾಡ" ಎಂದು ನೀನೂ ಅಂದಿದ್ದೀ. ಮನೆಯಲ್ಲಿ ತೊಟ್ಟಿಲಿಲ್ಲ ಅಕ್ಕಾ, ಕಟ್ಟಿಗೆಗಳಷ್ಟೇ ಇವೆ. ಒಂದೊಂದೇ ಕೂಡಿಸಿ ನೋಡಿ ಬಿಚ್ಚಿಟ್ಟಿದ್ದೇನೆ, ಎಲ್ಲವನ್ನೂ ಒಟ್ಟಿಗೆ ಒಮ್ಮೆಯೂ ಕೂಡಿಸಿಲ್ಲ. ಕೊನೆಯ ತೂತನ್ನಂತೂ ಕೊರೆದೇ ಇಲ್ಲ, ಗೆರೆ ಎಳೆದು ಬಿಟ್ಟಿದ್ದೇನೆ. ಕೂಸಿನ ಅಳು ಫೋನಿನಲ್ಲಿ ಕೇಳಿಸು, ಆ ತೂತು ಕೊರೆದು ಕಟ್ಟಿಗೆಗಳ ಗಂಟು ಕಟ್ಟಿಕೊಂಡು ಮೊದಲ ಬಸ್ಸಿಗೆ ಬೆಳಗಾವಿಗೆ ಬರುತ್ತೇನೆ. ಇದೂ ಬೇಡ ಎಂದರೆ ಬರೆ, ಅವತ್ತೇ ಉಳಿ ಕೆಳಗಿಡುತ್ತೇನೆ. ಗೆರೆಯನ್ನು ಮಾತ್ರ ಅಳಿಸುವುದಿಲ್ಲ.