ನೂರರಲ್ಲಿ ಒಂದು ಗಿಟಾರು

ಇಳಕಲ್ಲ

ಪ್ರೇಮಣ್ಣನಿಗೆ ಪ್ರಿಯದರ್ಶಿನಿಯ ನಮಸ್ಕಾರ.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಬೇಸ್ ಗಿಟಾರನ್ನು ಹುಬ್ಬಳ್ಳಿಯವನಿಗೆ ಕೊಟ್ಟು, ಬದಲಿಗೆ ನಿನ್ನ ಆರ್ಕೆಸ್ಟ್ರಾಕ್ಕೆ ಅವನ ಕೀಬೋರ್ಡ್ ತರೋಣ ಎಂದಿದ್ದೆಯಲ್ಲ, ಅದಕ್ಕೆ ಉತ್ತರವಿದು.

ಕಂಪನಿಯವರು ನೂರೇ ನೂರು ಮಾಡಿದ ಗಿಟಾರು ಅದು. ನನ್ನ ಮದುವೆಯಲ್ಲಿ ನೀನೇ ಅದನ್ನು ಎಲ್ಲರೆದುರು ನನ್ನ ಕೈಗಿಟ್ಟು, "ಇಂಥಾದ್ದು ಬಾಗಲಕೋಟಿ ಜಿಲ್ಲಾದಾಗ ಇನ್ನೊಂದಿಲ್ಲ" ಎಂದೆ. ಖುಷಿಗೆ ನನಗೆ ಅಳುವೇ ಬಂತು. ಮರುವಾರ ಎಂದಿನಂತೆ ಬಾದಾಮಿಗೆ ನಿನ್ನ ಆರ್ಕೆಸ್ಟ್ರಾದ ತಾಲೀಮಿಗೆಂದು ಬಂದರೆ, ಬೇಸ್ ನುಡಿಸುವ ನನ್ನ ಜಾಗದಲ್ಲಿ ಬೇರೊಬ್ಬ ನಿಂತಿದ್ದ. "ಲಗ್ನ ಆದ ಹೆಣ್ಣುಮಗಳು ಸ್ಟೇಜ್ ಮ್ಯಾಲ ಛಲೋ ಕಾಣಂಗಿಲ್ಲವ್ವಾ" ಎಂದೆ ನೀನು. ಆ ಉಡುಗೊರೆ ನನ್ನನ್ನು ಆರ್ಕೆಸ್ಟ್ರಾದಿಂದ ಬೀಳ್ಕೊಡಲಿಕ್ಕೆಂದು ಆಗ ತಿಳಿಯಿತು.

ಅದನ್ನು ಯಾರಿಗೂ ಕೊಡಬಾರದೆಂದು ಹಟಕ್ಕೆ ಇಟ್ಟುಕೊಂಡಿದ್ದೆ. ಮೊನ್ನೆ ನಮ್ಮ ಮನೆಯವರು ಮೊಳೆ, ಸುತ್ತಿಗೆ ಹಿಡಿದು ಬಂದು, "ಇಷ್ಟ್ ಚಂದ ಐತಿ, ಗ್ವಾಡಿಗೆ ತೂಗಹಾಕೂಣು, ಬಂದವರು ನೋಡ್ತಾರ" ಎಂದರು. ಅವತ್ತೇ ನೀನು ಕಳಿಸಿದ್ದ ಆ ಹುಬ್ಬಳ್ಳಿಯವನ ನಂಬರಿಗೆ ನಾನೇ ಫೋನ್ ಮಾಡಿದೆ. ಅಲ್ಲಿಗೇ ಹೋಗಿ ಗಿಟಾರು ಕೊಟ್ಟು, ನುಡಿಸಿ ನುಡಿಸಿ ಸವೆದ ಸಾದಾ ಬೇಸ್ ಒಂದನ್ನೂ ಅದಕ್ಕೊಂದು ಆಂಪ್ಲಿಫೈಯರನ್ನೂ ತಂದುಕೊಂಡೆ. ಬಿಟ್ಟು ಬರುವಾಗ ಬಾಗಿಲ ತನಕ ಹೋದವಳು ತಿರುಗಿ ಬಂದು ಇನ್ನೊಮ್ಮೆ ನುಡಿಸಿದೆ, ಸುಳ್ಳು ಹೇಳುವುದಿಲ್ಲ. ಈಗ ಇಲ್ಲಿಯ ದಾನಮ್ಮನವರ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದೇನೆ. ಮನೆಯವರು ಇನ್ನೂ ಸರಿಯಾಗಿ ಮಾತಾಡಿಲ್ಲ.

ಕೀಬೋರ್ಡಿನ ವ್ಯವಸ್ಥೆ ನೀನೇ ನೋಡಿಕೋ. ಗಿಟಾರನ್ನು ಹೆಗಲಿಗೆ ಹಾಕಿಕೊಳ್ಳುವ ನನ್ನ ಹಳೆಯ ಬೆಲ್ಟು ನಿನ್ನ ಹತ್ತಿರವೇ ಉಳಿದಿದೆ, ಇಳಕಲ್ಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸು.

ಬೇಸ್ ನುಡಿಸುವವರು ಬೇಕಾದರೆ ದಾನಮ್ಮನವರಿಗೆ ಫೋನ್ ಮಾಡು. ನಾನೇ ಬಂದು ನುಡಿಸುತ್ತೇನೆ, ಆದರೆ ಹೊರಗಿನವರಿಗೆ ಕೊಡುವ ದುಡ್ಡನ್ನೇ ನನಗೂ ಕೊಡಬೇಕು.

ನಿನ್ನ ತಂಗಿ,
ಪ್ರಿಯದರ್ಶಿನಿ