ಕುಡಿಯದವರ ಧೈರ್ಯ

ಬಿಡದಿ, ಸೋಮವಾರ

ಗಿರಿಜಾಂಬ ಅತ್ತಿಗೆಯವರಿಗೆ,

ಕ್ಷೇಮ ವಿಚಾರಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಸೊಸೆಯ ಸೀಮಂತದಲ್ಲಿ ನನ್ನ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡು, ನಿಮ್ಮೂರು ಕೈಲಾಂಚದ ಹೆಂಗಸರೆಲ್ಲರ ಮುಂದೆ, "ಕಂಪ್ನಿ ಪಾರ್ಟಿಲಿ ಕುಡ್ದು ಕುಡ್ದು ಎದೆ ಕುಯ್ಸ್ಕೊಂಡವ್ಳೆ, ಅವಳ ಕೈಲಿ ಆರತಿ ಬ್ಯಾಡ" ಅಂದಿರಿ. ಅದನ್ನು ನಾನು ಮರೆಯುವುದಿಲ್ಲ.

ಕುಡಿದದ್ದು ನಿಜ. ಹತ್ತು ವರ್ಷ, ವಾರಕ್ಕೆ ಎರಡು ಮೂರು ಗ್ಲಾಸ್ ವೈನ್. ಸ್ವಲ್ಪ ಕುಡಿದರೂ ಸ್ತನ ಕ್ಯಾನ್ಸರಿನ ಅಪಾಯ ಒಂದಿಷ್ಟು ಹೆಚ್ಚುತ್ತದೆ ಎಂದು ಡಾಕ್ಟರೇ ಹೇಳಿದರು. ನನಗೆ ಬಂದದ್ದು ಅದರಿಂದಲೇ ಏನು ಎಂದು ಮೂರು ಸಲ ಕೇಳಿದೆ. ಒಬ್ಬರ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳಲಾಗದು ಎಂದರು. ಈಗಲೂ ನನ್ನನ್ನೇ ಕೇಳಿಕೊಳ್ಳುತ್ತಿರುತ್ತೇನೆ. ಅದಕ್ಕೆ ನಿಮ್ಮ ಸಹಾಯ ಬೇಕಿಲ್ಲ.

ಆದರೆ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದ ಗುಲ್ಜಾರ್ ಬೀ ಒಂದು ಹನಿಯೂ ಮುಟ್ಟಿದವರಲ್ಲ. ಅವರಿಗೂ ಅದೇ ಕಾಯಿಲೆ.

ನಿಮ್ಮ ಎದೆಯಲ್ಲಿ ಎರಡು ತಿಂಗಳಿಂದ ಗಂಟಿದೆಯಂತೆ. ತೋರಿಸಿ ಅಂದರೆ, "ನಾನೇನ್ ಕುಡೀತೀನಾ? ಆ ಕಾಯ್ಲೆ ನಂಗ್ಯಾಕಮ್ಮಿ ಬತ್ತದೆ" ಅನ್ನುತ್ತೀರಂತೆ. ನಿಮ್ಮ ಸೊಸೆ ಅಳುತ್ತಾ ಫೋನ್ ಮಾಡಿದ್ದಳು.

ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ದಾರಿಯಲ್ಲಿ ನನ್ನ ಜೊತೆ ಮಾತಾಡಬೇಡಿ, ನಾನೂ ಆಡುವುದಿಲ್ಲ. ಅದು ಬರೀ ಗಂಟಾಗಿರಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ. ಕಾಯಿಲೆಯವರ ಜೊತೆ ಜಗಳ ಆಡುವುದು ನನಗೆ ಬರುವುದಿಲ್ಲ.

ನಿಮ್ಮ ತಮ್ಮನ ಹೆಂಡತಿ,
ವಸುಧಾ