ಚಿತ್ರದ ಕೋಣೆಗೆ ಬಿದ್ದ ಸೊನ್ನೆ

ಜೂನ್ 3, ಸೋಮವಾರ

ಒಂಬತ್ತಕ್ಕೆ ಲೈಬ್ರರಿ ಬಾಗಿಲು ತೆಗೆದೆ. ಮೆಕ್ಯಾನಿಕ್ ಆಗಲೇ ಮೆಟ್ಟಿಲ ಮೇಲೆ ಹಾಜರ್. ಬಸ್ ಡಿಪೋದಿಂದ ನಿವೃತ್ತರಾಗಿ ಆರು ವರ್ಷ — ಇವತ್ತಿಗೂ ಡ್ಯೂಟಿಗೆ ಬಂದ ಹಾಗೆ ಬರುತ್ತಾರೆ. ನೇರ ನನ್ನ ಚಿತ್ರದ ಕೋಣೆಗೆ — ಕಾಮಿಕ್ಸ್, ಪತ್ತೇದಾರಿ ಪುಸ್ತಕ ಇಡುವ ಕೋಣೆ. ದೋಣಿ ಹುಡುಗಿಯ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್. ಹದಿನಾಲ್ಕನೇ ಸಂಪುಟ. ಹೋದ ವರ್ಷ ಮೊದಲ ಸಂಪುಟವನ್ನು ಎಡದಿಂದ ಬಲಕ್ಕೆ ಓದಿಬಿಟ್ಟಿದ್ದರು. "ಮೊದ್ಲು ಮುಳುಗ್ತಾಳೆ, ಆಮೇಲೆ ದೋಣಿ ಹತ್ತುತ್ತಾಳೆ! ಏನು ತಲೆ ಕಣಮ್ಮಾ ಬರೆದೋನಿಗೆ!" ಎಂದು ಮೆಚ್ಚಿಕೊಂಡಿದ್ದರು. ಮಾಂಗಾ ಓದುವುದು ಬಲದಿಂದ ಎಡಕ್ಕೆ ಎಂದು ತಿದ್ದಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತಿಲ್ಲ.

ಹನ್ನೊಂದಕ್ಕೆ ಕೋಣೆ ಭರ್ತಿ. ರಾತ್ರಿ ಪಾಳಿ ಮುಗಿಸಿದ ನರ್ಸಮ್ಮ ಪತ್ತೇದಾರಿ ಕಪಾಟಿನ ಮುಂದೆ — ಮಲಗುವುದು ಬಿಟ್ಟು ಕೊಲೆಗಾರನನ್ನು ಹುಡುಕುತ್ತಾರೆ. ಕಿಟಕಿ ಹತ್ತಿರ ಅಜ್ಜಿ, ಮೊಮ್ಮಗಳು. ಕೊಡೆ ಮಾರುವ ಕಪ್ಪೆಯ ಚಿತ್ರಪುಸ್ತಕ. ನಲವತ್ತನೇ ಸಲವೋ ಏನೋ. ಕಪ್ಪೆ ಜಾರಿ ಬೀಳುವ ಪುಟ ಬರುವ ಮೊದಲೇ ಮಗು ನಗಲು ಶುರು. ಮನೆಗೆ ಒಯ್ಯುವವರು ಇಲ್ಲಿ ಯಾರೂ ಇಲ್ಲ. ಕೂತು ಓದುವ ಕೋಣೆ ಇದು.

ಐದಕ್ಕೆ ಎಲ್ಲ ಪುಸ್ತಕ ಜಾಗಕ್ಕೆ ಸೇರಿಸಿದೆ. ಎಂಬತ್ತೋ ತೊಂಬತ್ತೋ. ಕಣ್ಣು ಮುಚ್ಚಿ ಇಡಬಲ್ಲೆ. ಇಪ್ಪತ್ತಾರು ವರ್ಷ ಪಳಗಿದ ಕೈ. ನನ್ನ ಬೋರ್ಡ್ ನೋಡಿ ಅರ್ಧ ಜನ ತಾವೇ ಇಟ್ಟು ಹೋಗುತ್ತಾರೆ: 'ಓದಿದ ಪುಸ್ತಕ ತೆಗೆದಲ್ಲೇ ಇಡಿ.' ಮೇಲಿನ ಹಾಲ್‌ಗಳಲ್ಲಿ ಟೇಬಲ್ ತುಂಬ ಗುಡ್ಡೆ. ನನ್ನ ಟೇಬಲ್ ಮೇಲೆ ಒಂದೂ ಇಲ್ಲ.

ಅಮ್ಮನಿಗೆಂದು ಹದಿನೈದನೇ ಸಂಪುಟ ಚೀಲಕ್ಕೆ ಹಾಕಿಕೊಂಡೆ. ಸಿಬ್ಬಂದಿ ಒಯ್ದರೂ ಎಂಟ್ರಿ ಆಗಬೇಕಂತೆ. ನಾನೇನು ಕದಿಯುತ್ತೇನೆಯೇ? ಬೆಳಿಗ್ಗೆ ವಾಪಸ್ ತರುವ ಪುಸ್ತಕ.

ಜೂನ್ 5, ಬುಧವಾರ. ಸಂಜೆ 7

ಅಮ್ಮನಿಗೆ ಅಕ್ಷರ ಬರುವುದಿಲ್ಲ. ಎಂಬತ್ತೊಂದು ವರ್ಷ. ಆದರೆ ಈ ಮನೆಯಲ್ಲಿ ನನಗಿಂತ ದೊಡ್ಡ ಓದುಗಾರ್ತಿ ಅವಳು. ಚಿತ್ರ ನೋಡಿ ತನ್ನದೇ ಕಥೆ ಕಟ್ಟುತ್ತಾಳೆ. ಇವತ್ತು ದೋಣಿ ಹುಡುಗಿ ಒಂದು ಗುಡಿಸಲಿನ ಮುಂದೆ ನಿಂತು ಅಳುತ್ತಿದ್ದಾಳೆ. ನಿಜವಾಗಿ ಅಲ್ಲಿರುವುದು ತಂದೆ ಸತ್ತ ಸುದ್ದಿ. ಅಮ್ಮ ಅಂದಳು, "ನೋಡೇ, ಬೀಗದಕೈ ಮರೆತು ಬಂದಿದಾಳೆ. ನಿನ್ನ ಹಾಗೇ."

ಮಾತಿನ ಗುಳ್ಳೆಯಲ್ಲಿ ಏನಿದೆ ಎಂದು ಓದಿ ಹೇಳಲು ಹೋದರೆ ರೇಗುತ್ತಾಳೆ. "ಸುಮ್ನಿರೇ. ಅವರು ಬರೆದಿದ್ದು ಅವರಿಗೆ. ನಂಗೆ ಕಾಣೋದು ನಂಗೆ." ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಈಚೆಗೆ ನಾವಿಬ್ಬರು ನಗುವುದು ಇದೊಂದಕ್ಕೇ.

ಜೂನ್ 10, ಸೋಮವಾರ

ಲೈಬ್ರರಿಗೆ ಹೊಸ ಸಾಹೇಬರು ಬಂದು ಮೂರು ತಿಂಗಳಾಯಿತು. ಇವತ್ತು ಕರೆದರು. ಟೇಬಲ್ ಮೇಲೆ ಪಟ್ಟಿ. ಸಾವಿರದ ನೂರ ನಲವತ್ತು ಪುಸ್ತಕ. ಚಿತ್ರದ ಕೋಣೆ, ಪೂರ್ತಿ.

"ನಾಲ್ಕು ವರ್ಷದಲ್ಲಿ ಓದಿದೋರು ಇಲ್ವಲ್ಲಮ್ಮಾ. ಹೆಚ್ಚು ಕಡಿಮೆ ಸೊನ್ನೆ" ಎಂದರು. ದನಿ ಏರಿಸಲಿಲ್ಲ. ಕೋಣೆ ಖಾಲಿ ಮಾಡಿ ಪರೀಕ್ಷೆಗೆ ಓದುವವರಿಗೆ ಹಾಲ್. ಪುಸ್ತಕ ರದ್ದಿಗೆ — ಕಾಗದದ ಕಾರ್ಖಾನೆಯ ಲಾರಿ ತಿಂಗಳ ಕೊನೆಗೆ.

ಸೊನ್ನೆ! ಮೈಯೆಲ್ಲ ಉರಿಯಿತು. "ಒಂದ್ಸಲ ಕೆಳಗೆ ಬಂದು ನೋಡಿ ಸರ್, ಕೂರೋಕೆ ಜಾಗ ಇರಲ್ಲ" ಎಂದೆ. ಬಂದರು ಕೂಡ. ಆದರೆ ಐದೂವರೆಗೆ. ಅಷ್ಟು ಹೊತ್ತಿಗೆ ಎಲ್ಲರೂ ಹೋಗಿದ್ದರು. ಕಪಾಟು ತುಂಬ ಸಾಲಾಗಿ ನಿಂತ ಪುಸ್ತಕ, ಒಂದು ಬೆನ್ನೂ ಆಚೀಚೆ ಇಲ್ಲ. ಸಾಹೇಬರು ಸುತ್ತ ನೋಡಿ, "ತುಂಬಾ ನೀಟಾಗಿ ಇಟ್ಟಿದೀರಿ" ಎಂದರು.

ಕಾಮಿಕ್ಸ್ ಎಂದರೆ ಇವರಿಗೆ ಮಕ್ಕಳಾಟ. ಪತ್ತೇದಾರಿ ಎಂದರೆ ಬಸ್‌ಸ್ಟ್ಯಾಂಡಿನ ಓದು. ಪರೀಕ್ಷೆ ಬರೆದು ಬರೆದು ಮೇಲೆ ಬಂದವರು ತಾನೇ.

ಜೂನ್ 14, ಶುಕ್ರವಾರ

ಅರವತ್ಮೂರು ಸಹಿ! ಮನವಿ ಬರೆದಿದ್ದು ನರ್ಸಮ್ಮ. ಮೆಕ್ಯಾನಿಕ್ ಬೀದಿ ಬೀದಿ ಸುತ್ತಿದರು. ಅಜ್ಜಿ ಸಹಿ ಹಾಕಿ, ಮೊಮ್ಮಗಳ ಕೈಯಲ್ಲೂ ಒಂದು ಕಪ್ಪೆ ಬರೆಸಿದರು.

ಸಾಹೇಬರು ಪೂರ್ತಿ ಓದಿದರು. ಓದಿ, "ಇದನ್ನ ಮೇಲೆ ಕಳಿಸ್ತೀನಿ. ಆದ್ರೆ ಅವರು ಕೇಳೋದು ಕಂಪ್ಯೂಟರ್ ಲೆಕ್ಕ" ಎಂದರು. ಆಮೇಲೆ ನಾನು ಕೇಳದೆಯೇ ಲೆಕ್ಕದ ಕಾಗದ ಪ್ರಿಂಟ್ ತೆಗೆದುಕೊಟ್ಟರು. ನಾಲ್ಕು ವರ್ಷದ್ದು. ಮೂವತ್ತು ಹಾಳೆ. ಮನೆಗೆ ತಂದಿದ್ದೇನೆ.

ಐನೂರು ಪತ್ತೇದಾರಿ ಕಾದಂಬರಿ ಓದಿದವಳು ನಾನು. ಅರ್ಧ ಪುಸ್ತಕಕ್ಕೆ ಮೊದಲು ಕೊಲೆಗಾರನ ಹೆಸರು ಹೇಳಿ ನರ್ಸಮ್ಮನಿಂದ ಬೈಸಿಕೊಂಡವಳು. ಈ ಮೂವತ್ತು ಹಾಳೆ ಯಾವ ಲೆಕ್ಕ.

ಜೂನ್ 16, ಭಾನುವಾರ

ಸಿಕ್ಕಿತು.

ಚಿತ್ರದ ಕೋಣೆಯ ಲೆಕ್ಕ ಪುಟ ಪುಟಕ್ಕೂ ಸೊನ್ನೆ. ಆದರೆ ಹೋದ ವರ್ಷ ಮಾರ್ಚ್‌ನಲ್ಲಿ ಒಂಬತ್ತು ದಿನ — ಸೊನ್ನೆ ಅಲ್ಲ. ಏಳುನೂರ ಹದಿನಾಲ್ಕು! ಕಪ್ಪೆಯ ಪುಸ್ತಕವೇ ಆರು ಸಲ. ಆಮೇಲೆ ಮತ್ತೆ ಸೊನ್ನೆ.

ಅಂದರೆ ಮೆಷಿನ್ ಸರಿ ಇದೆ. ಓದುಗರೂ ಇದ್ದಾರೆ. ಯಾರೋ ಲೆಕ್ಕ ಅಳಿಸುತ್ತಿದ್ದಾರೆ. ಆ ಒಂಬತ್ತು ದಿನದ್ದು ಅಳಿಸಲು ಮರೆತಿದ್ದಾರೆ. ಕಂಪ್ಯೂಟರ್ ಪಾಸ್‌ವರ್ಡ್ ಇರುವುದು ಇಬ್ಬರಿಗೆ. ಸಾಹೇಬರು ಬಂದದ್ದು ಮೊನ್ನೆ. ಉಳಿದವಳು ಮೇಲೆ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರಿನವಳು. ಕೋಣೆ ಹಾಲ್ ಆದರೆ ಅದರ ಉಸ್ತುವಾರಿ ಅವಳಿಗೇ ಎಂದು ಮೊನ್ನೆಯಷ್ಟೆ ಕೇಳಿದೆ. ಕಾರಣವೂ ಸಿಕ್ಕಿತು, ಅವಕಾಶವೂ ಸಿಕ್ಕಿತು.

ಅಮ್ಮ ಹೇಳಿದಳು, "ಏನೇ ಇಷ್ಟು ಖುಷಿ? ಯಾರದೋ ಮನೆ ಹಾಳು ಮಾಡಿದೋರ ಹಾಗೆ ನಗ್ತಿದೀಯಲ್ಲ."

ಜೂನ್ 17, ಸೋಮವಾರ. ಮಧ್ಯಾಹ್ನ 3, ಸ್ಟೋರ್ ರೂಮಿನಲ್ಲಿ

ಎಲ್ಲರ ಎದುರಿಗೇ ಕೇಳಿದೆ. ಕೌಂಟರಿನ ಮುಂದೆ ಹತ್ತು ಜನ ನಿಂತಿದ್ದರು. ಹಾಳೆ ಅವಳ ಮುಂದೆ ಎಸೆದೆ. "ಇಷ್ಟು ವರ್ಷ ಅಕ್ಕಾ ಅಕ್ಕಾ ಅಂತ ಕರೆದು ಬೆನ್ನಿಗೆ ಚೂರಿ ಹಾಕಿದೆಯಲ್ಲೇ. ಈ ಒಂಬತ್ತು ದಿನ ಅಳಿಸೋಕೆ ಮರೆತೆ ಅಲ್ವಾ?"

ಮೆಕ್ಯಾನಿಕ್ ನನ್ನ ಪಕ್ಕ ಬಂದು ನಿಂತರು. ಅವಳ ಮುಖ ಕೆಂಪಾಯಿತು. ಹಾಳೆ ತೆಗೆದು ದಿನಾಂಕ ನೋಡಿದಳು. ನನ್ನ ಮುಖ ನೋಡಿದಳು. ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

"ಅಕ್ಕಾ, ಆ ಒಂಬತ್ತು ದಿನ ನಿಮಗೆ ಜ್ವರ. ನೀವು ರಜೆ. ನಿಮ್ಮ ಕೋಣೆ ನೋಡ್ಕೊಂಡಿದ್ದು ನಾನು."

ಅರ್ಥವಾಗಲಿಲ್ಲ ಎಂದು ಬರೆದರೆ ಸುಳ್ಳು.

"ಟೇಬಲ್ ಮೇಲೆ ಓದಿ ಬಿಟ್ಟ ಪುಸ್ತಕಾನ ಸ್ಕ್ಯಾನರ್‌ಗೆ ತೋರಿಸಿ ಆಮೇಲೆ ಕಪಾಟಿಗೆ ಇಡಬೇಕು ಅಂತ ನಾಲ್ಕು ವರ್ಷದ ಹಿಂದೇನೇ ಹೇಳಿದ್ರಲ್ಲ. ಅದು ಕುಂಯ್ ಅಂದ್ರೆ ಮಾತ್ರ ಒಬ್ಬರು ಓದಿದ ಲೆಕ್ಕ. ನೀವು ಒಂದು ದಿನಾನೂ ತೋರಿಸ್ಲಿಲ್ಲ. ಅದರ ಮೇಲೆ ಓದೋರೇ ತೆಗೆದಲ್ಲಿ ಇಡೋ ಹಾಗೆ ಬೋರ್ಡ್ ಬೇರೆ ಹಾಕಿದ್ರಿ. ಎರಡು ಸಲ ಬಂದು ಹೇಳ್ದೆ. ನೆನಪಿದೆಯಾ? 'ನಿನ್ನೆ ಮೊನ್ನೆ ಬಂದೋಳು ನಂಗೆ ಕೆಲಸ ಕಲಿಸ್ಬೇಡ' ಅಂದ್ರಿ."

ನೆನಪಿದೆ. ಸ್ಕ್ಯಾನರ್ ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಡಬ್ಬಿಯಲ್ಲೇ.

ಅವಳು ಅತ್ತಳು. ನಾನು ಅಳಬೇಕಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಅವಳ ಮೇಲೇ. ಮೂರನೇ ಸಲ ಯಾಕೆ ಹೇಳಲಿಲ್ಲ?

ಜೂನ್ 18

ಬರೆಯಲು ಏನೂ ಇಲ್ಲ.

ಜೂನ್ 19, ಬುಧವಾರ

ಸಾಹೇಬರು ಕರೆದರು. ಅವಳು ಹೇಳಿರಬೇಕು. ಅಥವಾ ಅವರೇ ದಿನಾಂಕ ಹೊಂದಿಸಿ ನೋಡಿರಬೇಕು. ಅದಕ್ಕೆ ಐನೂರು ಪತ್ತೇದಾರಿ ಓದಬೇಕಾಗಿಲ್ಲ.

ಕೂರಿಸಿದರು. ಚಹಾ ತರಿಸಿದರು. "ಒಂದು ಪತ್ರ ಬರ್ಕೊಡಿ. ನಾಲ್ಕು ವರ್ಷದಿಂದ ಸ್ಕ್ಯಾನ್ ಮಾಡಿಲ್ಲ, ಲೆಕ್ಕ ತಪ್ಪಾಗಿದ್ದು ನನ್ನಿಂದ, ಕೋಣೆಗೆ ಓದುಗರು ಇದಾರೆ ಅಂತ. ಶುಕ್ರವಾರ ಸಂಜೆ ಒಳಗೆ ಕೊಟ್ರೆ ಅದೇ ಆಧಾರದ ಮೇಲೆ ಫೈಲ್ ವಾಪಸ್ ತರಿಸ್ತೀನಿ. ನಿಮ್ಮ ಮೇಲೆ ಸಣ್ಣದೊಂದು ವಿಚಾರಣೆ ಆಗತ್ತೆ. ಕೆಲಸಕ್ಕೇನೂ ತೊಂದ್ರೆ ಇಲ್ಲ. ಪತ್ರದ ಒಂದು ಪ್ರತಿ ನೋಟಿಸ್ ಬೋರ್ಡಿಗೆ ಹಾಕ್ಬೇಕಾಗತ್ತೆ. ಸಹಿ ಹಾಕಿದ ಅರವತ್ಮೂರು ಜನಕ್ಕೆ ಉತ್ತರ ಕೊಡ್ಬೇಕಲ್ಲ."

ನೋಟಿಸ್ ಬೋರ್ಡಿಗೆ.

ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬೈಯಲೂ ಬಿಡುವುದಿಲ್ಲ.

ಜೂನ್ 20, ಗುರುವಾರ

ಎರಡು ಸಲ ಬರೆದೆ. ಮೊದಲನೆಯದರಲ್ಲಿ 'ತಾಂತ್ರಿಕ ಕಾರಣ' ಎಂದು ಬಂತು. ಎರಡನೆಯದರಲ್ಲಿ 'ಸರಿಯಾದ ತರಬೇತಿ ಇಲ್ಲದ್ದರಿಂದ'. ಎರಡೂ ಹರಿದೆ.

ಅಮ್ಮನಿಗೆ ಹದಿನೆಂಟನೇ ಸಂಪುಟ ಮುಗಿಯಿತು. ಸರಣಿಯಲ್ಲಿ ಇಪ್ಪತ್ತೆರಡಿವೆ. ಹುಡುಗಿ ಯಾರನ್ನೋ ದೋಣಿಗೆ ಹತ್ತಿಸಿಕೊಂಡಿದ್ದಾಳೆ. ಅಮ್ಮನ ಪ್ರಕಾರ ಆತ ವಸೂಲಿಗೆ ಬಂದವನು. "ಇವನನ್ನ ಮುಂದಿನ ಪುಸ್ತಕದಲ್ಲಿ ನೀರಿಗೆ ತಳ್ತಾಳೆ ನೋಡು."

ಜೂನ್ 21, ಶುಕ್ರವಾರ

ಪತ್ರ ಬರೆದೇ ಹೋಗಿದ್ದೆ. ಸರಿಯಾಗಿ ಬರೆದಿದ್ದೆ, ನಾಲ್ಕೇ ಸಾಲು. ಚೀಲದಲ್ಲಿತ್ತು.

ನಾಲ್ಕು ಗಂಟೆಗೆ ನನ್ನ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಮೆಕ್ಯಾನಿಕ್ ಎದ್ದು ನಿಂತು ಭಾಷಣ ಶುರು ಮಾಡಿದರು. "ನಮ್ಮ ಮನೇಲಿ ನಾನು ಏನು ಓದ್ತೀನಿ ಅಂತ ಕೇಳೋರು ಒಬ್ರಿಲ್ಲ. ಮೊಮ್ಮಕ್ಕಳ ಪುಸ್ತಕ ಓದೋ ಮುದುಕ ಅಂತ ನಗ್ತಾರೆ. ಈ ತಾಯಿ ಒಂದಿನ ನಗ್ಲಿಲ್ಲ. ಈ ಕೋಣೆ ಇಷ್ಟು ವರ್ಷ ಉಳಿದಿದ್ದೇ ಇವರಿಂದ." ಚಪ್ಪಾಳೆ. ಕಪ್ಪೆ ಪುಸ್ತಕದ ಮಗು ಎಲ್ಲರಿಗಿಂತ ಜೋರಾಗಿ ತಟ್ಟಿತು. ನರ್ಸಮ್ಮ ನನ್ನ ಕೈ ಹಿಡಿದುಕೊಂಡರು.

ಬಾಗಿಲಲ್ಲಿ ಕೌಂಟರಿನವಳು ನಿಂತಿದ್ದಳು. ಅವಳನ್ನು ಯಾರೂ ಮಾತಾಡಿಸುತ್ತಿಲ್ಲ — ಸೋಮವಾರದಿಂದ. ಮೆಕ್ಯಾನಿಕ್ ಅವಳ ಕಡೆ ನೋಡಿ, "ಒಳಗಿನೋರೇ ಮನೆ ಮುರಿದ್ರೆ ಯಾರೇನು ಮಾಡೋಕಾಗತ್ತೆ" ಎಂದರು. ಅವಳು ನನ್ನನ್ನು ನೋಡುತ್ತಾ ನಿಂತಳು. ನಾನು ಕಪಾಟಿನ ಕಡೆ ತಿರುಗಿ ಒಂದು ಪುಸ್ತಕ ಸರಿ ಮಾಡಿದೆ. ಅದು ಸರಿಯಾಗಿಯೇ ಇತ್ತು.

ಐದು ಗಂಟೆಯವರೆಗೆ ಸಮಯವಿತ್ತು. ಸಾಹೇಬರ ಬಾಗಿಲು ತೆರೆದಿತ್ತು. ಅದರ ಮುಂದೆಯೇ ನಡೆದು ಮನೆಗೆ ಬಂದೆ, ಪತ್ರ ಚೀಲದಲ್ಲೇ.

ಜೂನ್ 29, ಶನಿವಾರ

ಲಾರಿ ಬಂತು. ಇಬ್ಬರು ಹಮಾಲಿಗಳು. ಗೋಣಿಚೀಲಗಳು. ನಲವತ್ತೊಂದು ಚೀಲ ಆಯಿತು. ಪುಸ್ತಕಕ್ಕೆ ಬೆನ್ನು ಇರುತ್ತದೆ ಎಂದು ಅವರಿಗೆ ಯಾರು ಹೇಳಿಕೊಟ್ಟಿರುತ್ತಾರೆ? ಎರಡೂ ರಟ್ಟು ಹಿಡಿದು, ಕೋಳಿಯ ರೆಕ್ಕೆ ಹಿಡಿದ ಹಾಗೆ, ತೂರಿದರು.

ನರ್ಸಮ್ಮ ಬರಲಿಲ್ಲ. ಅಜ್ಜಿ ಬಂದಿದ್ದರು. ಮೊಮ್ಮಗಳು ಕಪ್ಪೆ ಕೇಳಿದಳು. ಕೊಡುವ ಹಾಗಿಲ್ಲ, ಪಟ್ಟಿಯ ಪ್ರಕಾರ ಎಣಿಸಿ ಸಹಿ ಹಾಕಬೇಕು. ಅಜ್ಜಿ ಮಗುವಿಗೆ ಹೇಳಿದರು, "ಕಪ್ಪೆ ಊರಿಗೆ ಹೋಯ್ತು ಪುಟ್ಟಾ." ಮಗು ನಂಬಲಿಲ್ಲ. ಲಾರಿ ತಿರುವು ದಾಟುವವರೆಗೂ ನೋಡಿತು.

ಸಹಿ ನನ್ನದೇ. ಸಾವಿರದ ನೂರ ಮೂವತ್ತೊಂಬತ್ತು. ಒಂದು ಕಡಿಮೆ. ಹತ್ತೊಂಬತ್ತನೇ ಸಂಪುಟ ಅಮ್ಮನ ಹಾಸಿಗೆಯ ಮೇಲಿದೆ. 'ಕಳೆದಿದೆ' ಎಂದು ಬರೆದೆ. ಹಾಗಾದರೆ ಕದ್ದದ್ದೂ ಆಯಿತು.

ಅಮ್ಮ ಇಪ್ಪತ್ತನೆಯದು ಕೇಳಿದಳು. ಲೈಬ್ರರಿಗೆ ಸುಣ್ಣ ಹೊಡೆಯುತ್ತಿದ್ದಾರೆ ಎಂದೆ.

ಜುಲೈ 1, ಸೋಮವಾರ. ಸಂಜೆ 6

ಕೋಣೆಯಲ್ಲಿ ಉದ್ದ ಬೆಂಚುಗಳು. ಪರೀಕ್ಷೆಯ ಗೈಡುಗಳು. ನನಗೇ ಕೊಟ್ಟಿದ್ದಾರೆ ಉಸ್ತುವಾರಿ, ಅವಳಿಗಲ್ಲ. ಅವಳೇ ಬೇಡ ಎಂದಳಂತೆ. ಇವತ್ತು ಐವತ್ತೆರಡು ಗೈಡು ಸ್ಕ್ಯಾನ್ ಮಾಡಿದೆ. ಐವತ್ತೆರಡು ಸಲ ಕುಂಯ್. ಒಂದಕ್ಕೆ ಎರಡು ಸೆಕೆಂಡ್ ಕೂಡ ಹಿಡಿಯುವುದಿಲ್ಲ.

ಮೆಕ್ಯಾನಿಕ್ ಬಂದಿದ್ದರು. ಪೇಪರ್ ಹಾಲ್‌ನಲ್ಲಿ ಕೂತರು, ಪೇಪರ್ ತೆರೆಯಲಿಲ್ಲ. ಹೋಗುವಾಗ ನನ್ನ ಹತ್ತಿರ ಬಂದರು. "ಬೇಜಾರ್ ಮಾಡ್ಕೋಬೇಡಿ ತಾಯಿ. ನೀವು ಮಾಡೋಷ್ಟು ಮಾಡಿದ್ರಿ. ಆ ಕೌಂಟರಿನೋಳಿಗೆ ಒಳ್ಳೇದಾಗಲ್ಲ ಬಿಡಿ."

"ಹೂಂ" ಎಂದೆ.

ಹೂಂ ಎಂದೆ! ಅವಳು ಆರು ಹೆಜ್ಜೆ ದೂರದಲ್ಲಿ ಸೀಲ್ ಒತ್ತುತ್ತಿದ್ದಳು. ಕೇಳಿಸಿತು ಅವಳಿಗೆ. ಸೀಲ್ ಒತ್ತುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ನಾಳೆ ಮೆಕ್ಯಾನಿಕ್ ಬಂದರೆ ಅವಳ ಎದುರಿಗೇ ಹೇಳಬೇಕು. ಬಾಯಿ ತೊದಲಬಾರದು. ಒಂದೇ ಸಾಲಿನ ಮಾತು. ಯಾರೂ ಓದದ ಈ ಪುಸ್ತಕದಲ್ಲಿ ಮೊದಲು ಬರೆದು ರೂಢಿ ಮಾಡಿಕೊಳ್ಳುತ್ತೇನೆ: ಆ ಕೋಣೆಯನ್ನು ಮುಚ್ಚಿಸಿದ್ದು ಸಾಹೇಬರಲ್ಲ, ಅವಳೂ ಅಲ್ಲ, ಅದು